ಸೀಟಿ ಕೇಳಿಸಿತ್ತು: ಜಮಖಂಡಿ ಕಡೆಯ ಒಂದು ಕಬಡ್ಡಿ ಪ್ರಕರಣ

ಪಾಯಿಂಟ್ ತೆಗೆದ ರೈಡರ್ ಮೊದಲು ಅಂಪೈರ್ ಕಡೆ ನೋಡುತ್ತಾನೆ. ಕೈ ಎತ್ತಿದರಾ, ಎಷ್ಟು ಬೆರಳು ತೋರಿಸಿದರು ಅಂತ. 20 ವರ್ಷದಿಂದ ಹುಡುಗರನ್ನು ಆಡಿಸುತ್ತಿದ್ದೇನೆ, ಹಾಗೆ ನೋಡದವರು ಸಿಕ್ಕಿದ್ದೇ ಕಡಿಮೆ. ಆ ಸಂಜೆ ನಮ್ಮ ಹುಡುಗ ಡು ಆರ್ ಡೈ ರೈಡಿಗೆ ಹೋದ, ಪಾಯಿಂಟ್ ತರದಿದ್ದರೆ ಔಟ್. ಎಡ ಮೂಲೆ ತನಕ ಸರಿದು, ಬೆನ್ನು ತಿರುಗಿಸಿ, ಹಿಂದಕ್ಕೆ ಒಂದು ಒದೆ ಬಿಟ್ಟ. ಬ್ಯಾಕ್ ಕಿಕ್ ಆಟದಲ್ಲಿ ಇರುವ ಪಟ್ಟೇ, ತಪ್ಪೇನಿಲ್ಲ. ಹಿಮ್ಮಡಿ ಹೋಗಿ ಎದುರು ತಂಡದ ಕಾರ್ನರ್, ಅಂದರೆ ಮೂಲೆಯಲ್ಲಿ ನಿಂತು ಹಿಡಿಯುವವನ ಬಾಯಿಗೆ ಬಡಿಯಿತು. ಪಾಯಿಂಟ್ ಬಂತು. ನಡುಗೆರೆ ದಾಟಿ ಬಂದು ನಿಂತವನು ಅಂಪೈರ್ ಕಡೆ ತಿರುಗಲೇ ಇಲ್ಲ. ಕಾರ್ನರ್ ಬಾಯಲ್ಲಿ ರಕ್ತ ಬರುತ್ತಿದೆಯಾ ಅಂತ ನೋಡಿದ. ಬರುತ್ತಿತ್ತು.

ಮೂರು ತಿಂಗಳ ಹಿಂದೆ ದಸರೆಯಲ್ಲಿ ಇವರಿಬ್ಬರೂ ಕೊಟ್ಟು ತೆಗೆದುಕೊಂಡ ಬನ್ನಿ ಬರೀ ಎಲೆಯಾಗಿತ್ತು ಅಂತ ನನಗೆ ಆಗ ಗೊತ್ತಾಯಿತು.

ಇಬ್ಬರನ್ನೂ ಕೇಳಿ, ಇಬ್ಬರಿಗೂ ಓದಿ ಹೇಳಿಯೇ ಇದನ್ನು ಬರೆದಿದ್ದೇನೆ. ಹೆಸರು ಬೇಡ ಅಂದರು. ಒಬ್ಬನನ್ನು ರೈಡರ್ ಅಂತ, ಇನ್ನೊಬ್ಬನನ್ನು ಕಾರ್ನರ್ ಅಂತ ಕರೆಯುತ್ತೇನೆ. ಮೈದಾನದಲ್ಲೂ ಅವರನ್ನು ಹಾಗೇ ಕರೆಯುವುದು.

ಇಬ್ಬರೂ ಯಾರು

ರೈಡರ್‌ಗೆ ಆಗ 22 ವರ್ಷ. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಮಗ್ಗದ ಕೆಲಸ ಅಂದರೆ ಕೂತು ಮಾಡುವುದಲ್ಲ. ಒಂದು ಮಗ್ಗದಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರಬೇಕು, ಎಳೆ ಹರಿದರೆ ಬಗ್ಗಿ ಜೋಡಿಸಬೇಕು. ನೇಯ್ದಷ್ಟೇ ಕೂಲಿ. ಮನೆಯಲ್ಲಿ ಅವ್ವ, ಒಬ್ಬ ತಂಗಿ.

ಕಾರ್ನರ್ 24ರ ಹುಡುಗ. ಊರು ಜಮಖಂಡಿ ತಾಲೂಕಿನಲ್ಲಿ, ಕೃಷ್ಣಾ ದಂಡೆಗೆ ಹತ್ತಿರ. ಮೂರು ಎಕರೆ ಕಬ್ಬು. ಎಡಗಡೆ ಕಾರ್ನರ್‌ನಲ್ಲಿ ನಿಂತರೆ ಕಾಲು ಹಿಡಿಯುವುದರಲ್ಲಿ ಅವನ ಸಮ ನಮ್ಮ ಕಡೆ ಯಾರೂ ಇರಲಿಲ್ಲ. ಮಾತು ಕಡಿಮೆ. ನಾಚಿಕೆಯವನು ಅಂತಲೇ ಅಂದುಕೊಂಡಿದ್ದೆ.

ಇಬ್ಬರೂ ದುಡ್ಡಿಗೆ ಆಡುವವರಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ನಮ್ಮ ಜಾತ್ರೆಗಳಿಗೂ ಮ್ಯಾಟ್ ಬಂತು, ಹೈಮಾಸ್ಟ್ ಲೈಟ್ ಬಂತು, ಮೈಕಿನಲ್ಲಿ ಕಾಮೆಂಟರಿ ಬಂತು. ಆಡುವವರು ಮಾತ್ರ ಅದೇ ಮಗ್ಗದ ಹುಡುಗರು, ಹೊಲದ ಹುಡುಗರು, ಟಂಟಂ ಓಡಿಸುವ ಹುಡುಗರು. ಗೆದ್ದರೆ ಒಂದು ಢಾಲು, ಹಂಚಿಕೊಂಡರೆ ಕೈಗೆ ಐನೂರೋ ಸಾವಿರವೋ. ಕಾಲು ಮುರಿದರೆ ವಿಮೆ ಇಲ್ಲ, ಬೋರ್ಡ್ ಇಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಹವ್ಯಾಸಿ ಆಟಗಾರನ ಸಿಟ್ಟು ಅವನ ಮನೆತನಕ ಹೋಗುತ್ತದೆ. ಅಡುಗೆಮನೆಗೂ ಹೋಗುತ್ತದೆ.

ಜಾತ್ರೆಯ ರಾತ್ರಿ

ಇದು ಶುರುವಾಗಿದ್ದು ಆ ಒದೆಗೂ ಮೊದಲು, ಯುಗಾದಿ ಮುಗಿದ ಮೇಲಿನ ಒಂದು ಜಾತ್ರೆಯಲ್ಲಿ. 60 ಕೆಜಿ ಒಳಗಿನವರ ಪಂದ್ಯಾವಳಿ, ಸೆಮಿಫೈನಲ್. ಕೊನೆಯ ಮೂರು ನಿಮಿಷ, ಸ್ಕೋರ್ ಸಮ. ದಾಟಿದರೆ ಒಂದು ಪಾಯಿಂಟ್ ಸಿಗುವ ಬೋನಸ್ ಗೆರೆಗೆ ರೈಡರ್ ಕಾಲು ಚಾಚಿದ. ಕಾರ್ನರ್ ಪಾದದ ಗಂಟನ್ನು ಎರಡೂ ಕೈಯಲ್ಲಿ ಹಿಡಿದ. ಅವನಿಗಿಂತ ಒಳಗಡೆ ನಿಲ್ಲುವ ಆಟಗಾರ, ಕವರ್ ಅಂತಾರೆ, ಬಂದು ಮೇಲೆ ಬಿದ್ದ, ಅವನ ಮೇಲೆ ಇನ್ನೊಬ್ಬ. ಸೀಟಿ ಹೊಡೆಯಿತು. ಎಲ್ಲರೂ ಎದ್ದರು, ಕಾರ್ನರ್ ಕೈ ಬಿಡಲಿಲ್ಲ. ಹಿಡಿದ ಕಾಲನ್ನು ಹೊರಕ್ಕೆ ತಿರುಗಿಸಿದ.

ರೈಡರ್ ಕೂಗಿದ್ದು ಮೈಕಿಗಿಂತ ಜೋರಾಗಿ ಕೇಳಿಸಿತು.

ಗಾಯವಾಗುವಂತೆ ಒರಟಾಗಿ ಹಿಡಿಯುವುದು, ಕಾಲಿನಿಂದ ಕತ್ತರಿ ಹಾಕುವುದು, ಬಾಯಿ ಮುಚ್ಚುವುದು, ಕೂದಲು ಎಳೆಯುವುದು, ಎಲ್ಲವೂ ಕಬಡ್ಡಿಯಲ್ಲಿ ಫೌಲ್. ಹಸಿರು ಕಾರ್ಡ್ ತೋರಿಸಿದರೆ ಎಚ್ಚರಿಕೆ, ಹಳದಿಗೆ 2 ನಿಮಿಷ ಹೊರಗೆ, ಕೆಂಪಿಗೆ ಆಟವೇ ಮುಗಿಯಿತು. ಆವತ್ತು ತೋರಿಸಿದ್ದು ಹಸಿರು. ರಾಶಿಯೊಳಗೆ ಯಾರ ಕೈ ಎಲ್ಲಿತ್ತು ಅಂತ ರೆಫರಿಗೆ ಕಾಣಲಿಲ್ಲ, ಅವರನ್ನು ನಾನು ದೂರುವುದಿಲ್ಲ.

ಬಾಗಲಕೋಟೆಯಲ್ಲಿ ಎಂಆರ್‌ಐ ಮಾಡಿಸಿದಾಗ ಮೊಣಕಾಲಿನ ಒಳಗಿನ ಲಿಗಮೆಂಟ್ ಅರ್ಧ ಹರಿದಿದೆ ಅಂದರು. ಆಪರೇಷನ್ ಸದ್ಯಕ್ಕೆ ಬೇಡ, ಬ್ರೇಸ್ ಹಾಕಿ, ವ್ಯಾಯಾಮ ಮಾಡಿ, ಆರು ತಿಂಗಳು ಮ್ಯಾಟ್ ಮರೆತುಬಿಡಿ ಅಂದರು. ಮಗ್ಗದ ಮುಂದೆ ನಿಲ್ಲಲು ಆಗದೆ ಎರಡೂವರೆ ತಿಂಗಳು ಕೂಲಿ ಇಲ್ಲ. ಅವ್ವನ ಕೊರಳಿನ ಬೋರಮಾಳ ಸರ ಸೊಸೈಟಿಯಲ್ಲಿ ಅಡವಿಗೆ ಹೋಯಿತು.

ಬನ್ನಿ

ನಮ್ಮ ಕಡೆ ದಸರೆಯ ದಿನ ಬನ್ನಿ ಕೊಡುವುದು ನಿಮಗೆ ಗೊತ್ತಿರುವುದೇ. ‘ಬನ್ನಿ ತೊಗೊಂಡು ಬಂಗಾರದಂಗ ಇರೋಣ’ ಅಂದರೆ ವರ್ಷದ ಜಗಳ ಅಲ್ಲಿಗೆ ಮುಗಿಯಿತು ಅಂತ ಲೆಕ್ಕ. ಎರಡೂ ಊರಿನ ಹಿರಿಯರು ಸೇರಿ ಹುಡುಗರನ್ನು ಕರೆಸಿದರು. ಒಬ್ಬ ಕಾಕಾ ಹೇಳಿದರು: ‘ಆಟದಾಗ ಇವೆಲ್ಲಾ ಇದ್ದದ್ದ. ಯಾರದೂ ತಪ್ಪಿಲ್ಲ. ಬನ್ನಿ ಕೊಟ್ಟು ಮುಗಸ್ರಿ.’ ಕಾರ್ನರ್ ಬನ್ನಿ ಕೊಟ್ಟ. ರೈಡರ್ ತೆಗೆದುಕೊಂಡ, ತಾನೂ ಕೊಟ್ಟ. ಅಪ್ಪಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೊ ತೆಗೆದವನು ನಾನೇ. ರಾತ್ರಿಯೊಳಗೆ ಅದು ಹತ್ತಾರು ಜನರ ಸ್ಟೇಟಸ್‌ನಲ್ಲಿತ್ತು.

ಈಗ ಆ ಫೋಟೊ ತೆಗೆದು ನೋಡಿದರೆ ರೈಡರ್ ಕಣ್ಣು ಕ್ಯಾಮೆರಾ ಮೇಲಿದೆ. ಎದುರಿಗಿದ್ದವನ ಮೇಲಿಲ್ಲ.

‘ಯಾರದೂ ತಪ್ಪಿಲ್ಲ’ ಅನ್ನುವ ಮಾತು ಕೇಳುವುದಕ್ಕೆ ಎಷ್ಟು ಒಳ್ಳೆಯದು ಅಲ್ವಾ? ಈ ಪ್ರಕರಣ ಹದಗೆಟ್ಟಿದ್ದು ಅದರಿಂದಲೇ ಅಂತ ನನ್ನ ಅಭಿಪ್ರಾಯ. ತಪ್ಪೇ ಇಲ್ಲ ಅಂದ ಮೇಲೆ ಕ್ಷಮಿಸುವುದು ಏನನ್ನು? ಕಾಲು ಹೋದವನ ಕೈಗೆ ಎಲೆ ಕೊಟ್ಟು, ಕ್ಷಮಿಸುವ ಹಕ್ಕನ್ನೂ ಕಿತ್ತುಕೊಂಡ ಹಾಗಾಯಿತು. ಕ್ಷಮೆಯ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಅಮೆರಿಕದ ರಾಬರ್ಟ್ ಎನ್‌ರೈಟ್ ಇದನ್ನು ಮತ್ತೆ ಮತ್ತೆ ಹೇಳುತ್ತಾರೆ. ಕ್ಷಮಿಸುವುದು ಅಂದರೆ ತಪ್ಪನ್ನು ತಪ್ಪಲ್ಲ ಅನ್ನುವುದಲ್ಲ, ಮರೆಯುವುದಲ್ಲ, ಮತ್ತೆ ದೋಸ್ತಿ ಮಾಡಲೇಬೇಕು ಅಂತಲೂ ಅಲ್ಲ. ತಪ್ಪು ನಡೆದಿದೆ ಅಂತ ಒಪ್ಪಿದ ಮೇಲೆಯೇ ಅದು ಶುರುವಾಗುವುದು.

‘ಆಟದಾಗ ಇದ್ದದ್ದ’ ಅನ್ನುವುದಕ್ಕೂ ಒಂದು ವಿವರಣೆ ಇದೆ. ಬ್ರೆಂಡಾ ಬ್ರೆಡೆಮಿಯರ್ ಮತ್ತು ಡೇವಿಡ್ ಶೀಲ್ಡ್ಸ್ ಅನ್ನುವ ಸಂಶೋಧಕರು 1980ರ ದಶಕದಲ್ಲಿ ಆಟಗಾರರನ್ನು ಮಾತಾಡಿಸಿ ನೋಡಿದಾಗ, ಬೀದಿಯಲ್ಲಿ ತಪ್ಪು ಅನ್ನುವುದನ್ನೇ ಅವರು ಮೈದಾನದಲ್ಲಿ ನಡೆಯುತ್ತೆ ಅನ್ನುತ್ತಿದ್ದರು. ಗೆರೆಯೊಳಗೆ ಕಾಲಿಟ್ಟ ಕೂಡಲೇ ನೀತಿಗೆ ಬೇಲಿ ಹಾಕಿಕೊಳ್ಳುತ್ತಾರೆ. ನಮ್ಮ ಹುಡುಗರೂ ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಯಾರದಾದರೂ ಕಾಲು ತಿರುಗಿಸಿದರೆ ಪೊಲೀಸರು ಬರುತ್ತಾರೆ. ಮ್ಯಾಟಿನ ಮೇಲೆ ತಿರುಗಿಸಿದರೆ ಹಸಿರು ಕಾರ್ಡ್ ಬರುತ್ತದೆ.

ಒದೆ ಆದ ಮೇಲೆ

ಸಂಕ್ರಾಂತಿಯ ಹೊತ್ತಿನ ಪಂದ್ಯದಲ್ಲಿ ಆ ಬ್ಯಾಕ್ ಕಿಕ್ ಆಯಿತು. ಕಾರ್ನರ್ ತುಟಿಗೆ ಹೊಲಿಗೆ ಬಿತ್ತು, ಮುಂದಿನ ಒಂದು ಹಲ್ಲಿನ ತುದಿ ಹೋಯಿತು. ಕಾರ್ಡ್ ಇಲ್ಲ. ಹಿರಿಯರ ಮಾತು ಈ ಸಲವೂ ಅದೇ: ಆಟದಾಗ ಇದ್ದದ್ದ.

ಆಟದಲ್ಲಿ ಎರಡು ಥರದ ಒರಟುತನ ಇರುತ್ತದೆ. ಒಂದು ಗೆಲ್ಲುವುದಕ್ಕೆ. ಜೋರಾಗಿ ಮೈಯಿಂದ ಗುದ್ದಿ ಡ್ಯಾಶ್ ಕೊಡುತ್ತೀರಿ, ಅವನು ಹೊರಗೆ ಹೋದರೆ ಸಾಕು, ನೋವಾಗಲಿ ಅಂತ ಮನಸ್ಸಿನಲ್ಲಿ ಇರುವುದಿಲ್ಲ. ಇನ್ನೊಂದು ನೋಯಿಸುವುದಕ್ಕೇ. 2006ರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಫ್ರಾನ್ಸಿನ ಜಿಡಾನ್ ಇಟಲಿಯ ಮಾಟೆರಾಜಿ ಎದೆಗೆ ತಲೆಯಿಂದ ಗುದ್ದಿದ್ದು ನೆನಪಿರಬೇಕು. ಅದರಿಂದ ಗೋಲು ಬರುತ್ತಿರಲಿಲ್ಲ, ಚೆಂಡೂ ಸಿಗುತ್ತಿರಲಿಲ್ಲ. ಅಲ್ಲಿ ಎರಡನೆಯದು ಅಂತ ಎಲ್ಲರಿಗೂ ಕಂಡಿತು. ಕಬಡ್ಡಿಯ ಕಷ್ಟ ಏನೆಂದರೆ ಎರಡೂ ಒಂದೇ ಬಟ್ಟೆ ಹಾಕಿಕೊಂಡು ಬರುತ್ತವೆ. ಒಂದೇ ಒದೆ, ಒಂದೇ ಪಾಯಿಂಟ್. ಆದಮೇಲೆ ಕಣ್ಣು ಎಲ್ಲಿಗೆ ಹೋಯಿತು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಮರುದಿನ ರೈಡರ್‌ನನ್ನು ಕೂರಿಸಿಕೊಂಡೆ. ಮನಶ್ಶಾಸ್ತ್ರಜ್ಞ ಮೈಕೆಲ್ ಮೆಕಲಾ ಮತ್ತು ಜೊತೆಗಾರರು 1998ರಲ್ಲಿ ಮಾಡಿದ 12 ವಾಕ್ಯಗಳ ಒಂದು ಪಟ್ಟಿ ಇದೆ. ನೋಯಿಸಿದವನ ಬಗ್ಗೆ ಈಗ ಹೇಗನ್ನಿಸುತ್ತದೆ ಅಂತ ಒಂದೊಂದು ವಾಕ್ಯಕ್ಕೂ 1ರಿಂದ 5ರವರೆಗೆ ಅಂಕ ಹಾಕಬೇಕು. ಅದರಲ್ಲಿ 5 ವಾಕ್ಯ ಸೇಡಿನವು, 7 ವಾಕ್ಯ ದೂರ ಇರುವುದರ ಬಗ್ಗೆ. ನಮ್ಮ ಮಾತಿಗೆ ತಿರುಗಿಸಿ ಓದಿದೆ. ಪಕ್ಕಾ ಪರೀಕ್ಷೆ ಅಂತ ಅಲ್ಲ, ಮಾತು ತೆಗೆಯಲು ಒಂದು ನೆಪ. ಸೇಡಿನ ಐದರಲ್ಲಿ ನಾಲ್ಕಕ್ಕೆ 5 ಹಾಕಿದ. ‘ಅವನಿಗೂ ನೋವಾಗೋದನ್ನ ನೋಡಬೇಕು’ ಅನ್ನುವ ಥರದ ವಾಕ್ಯ ಬಂದಾಗ ನಕ್ಕ.

‘ಅದು ನಿನ್ನೆ ಆತಲ್ರಿ ಸರ್. ಖರೇ ಹೇಳ್ಲಿ? ಇನ್ನೂ ಸಾಕಾಗಿಲ್ಲ.’

‘ಬನ್ನಿ ತೊಗೊಂಡಿದ್ದೆಲ್ಲೋ?’

‘ತೊಗೊಂಡೇನ್ರಿ. ಕಾಕಾ ಹೇಳಿದ್ರು, ತೊಗೊಂಡೆ. ಕಾಲಿಗೆ ಯಾರ್ ಹೇಳ್ಬೇಕು?’

ಎವರೆಟ್ ವರ್ತಿಂಗ್ಟನ್ ಅನ್ನುವ ಮನಶ್ಶಾಸ್ತ್ರಜ್ಞ ಕ್ಷಮೆಯನ್ನು ಎರಡಾಗಿ ನೋಡುತ್ತಾರೆ. ಇನ್ನು ಸೇಡು ತೀರಿಸುವುದಿಲ್ಲ ಅಂತ ನಿರ್ಧಾರ ಮಾಡುವುದು ಒಂದು. ಒಳಗಿನ ಕಹಿ ನಿಧಾನಕ್ಕೆ ಇಳಿಯುವುದು ಇನ್ನೊಂದು. ಮೊದಲನೆಯದು ಒಂದು ಸಂಜೆಯಲ್ಲಿ ಆಗಬಹುದು, ಎರಡನೆಯದಕ್ಕೆ ತಿಂಗಳುಗಳು ಬೇಕು. ನಮ್ಮ ಹುಡುಗನ ವಿಷಯದಲ್ಲಿ ಮೊದಲನೆಯದೂ ಅವನದಾಗಿರಲಿಲ್ಲ. ಊರು ನಿರ್ಧಾರ ಮಾಡಿತ್ತು, ಇವನು ಕೈ ಚಾಚಿದ್ದ, ಅಷ್ಟೇ.

ನನ್ನ ತಪ್ಪು

ಇಲ್ಲಿ ನನ್ನದೊಂದು ದಡ್ಡತನ ಬರೆಯಲೇಬೇಕು. ಸಿಟ್ಟನ್ನು ಒಳಗಿಟ್ಟುಕೊಳ್ಳಬೇಡ, ಹೊರಗೆ ಹಾಕು ಅಂದೆ. ಮೈದಾನದ ಬೇವಿನ ಮರಕ್ಕೆ ಗೋಣಿಚೀಲದಲ್ಲಿ ಹೊಟ್ಟು ತುಂಬಿ ಕಟ್ಟಿದ್ದೇವೆ, ಡ್ಯಾಶ್ ಕಲಿಸುವುದಕ್ಕೆ. ದಿನಾ ಆಟ ಮುಗಿದ ಮೇಲೆ ಅದಕ್ಕೆ ಸುಸ್ತಾಗುವಷ್ಟು ಗುದ್ದು ಅಂತ ಹೇಳಿದೆ. ಗುದ್ದಿದ. ಎರಡು ವಾರ ಆದ ಮೇಲೆ ನಮ್ಮದೇ ತಂಡದ 17ರ ಹುಡುಗನನ್ನು ಪ್ರಾಕ್ಟೀಸಿನಲ್ಲಿ ಎತ್ತಿ ಒಗೆದ. ಆ ಹುಡುಗ ಮಾಡಿದ್ದ ತಪ್ಪು ಇಷ್ಟೇ, ಪಾದದ ಗಂಟು ಹಿಡಿದಿದ್ದ.

ಏನಾಗುತ್ತಿದೆ ಅಂತ ಒಂದು ಸಂಜೆ ಸುಮ್ನೆ ದೂರ ನಿಂತು ನೋಡಿದೆ. ಚೀಲಕ್ಕೆ ಗುದ್ದುವ ಮೊದಲು ಕಟ್ಟೆ ಮೇಲೆ ಕೂತು ಫೋನ್ ತೆಗೆದ. ಜಾತ್ರೆಯಲ್ಲಿ ಯಾರೋ ತೆಗೆದ ವಿಡಿಯೊ ಇತ್ತು, 11 ಸೆಕೆಂಡ್ ಮಾತ್ರ ಕತ್ತರಿಸಿ ಇಟ್ಟುಕೊಂಡಿದ್ದ. ಅದನ್ನು ನೋಡುವುದು, ಎದ್ದು ಗುದ್ದುವುದು, ಮತ್ತೆ ನೋಡುವುದು. ರಾತ್ರಿ ಮಲಗುವಾಗಲೂ ನೋಡುತ್ತೇನೆ ಅಂದ.

ಬ್ರಾಡ್ ಬುಷ್‌ಮನ್ ಅನ್ನುವ ಸಂಶೋಧಕ 2002ರಲ್ಲಿ 600 ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ಸಿಟ್ಟು ಬರಿಸಿದವನನ್ನು ನೆನೆಯುತ್ತಾ ಚೀಲಕ್ಕೆ ಗುದ್ದಿದವರ ಸಿಟ್ಟು ಎಲ್ಲರಿಗಿಂತ ಜಾಸ್ತಿ ಉಳಿದಿತ್ತು. ಏನೂ ಮಾಡದೆ ಸುಮ್ಮನೆ ಕೂತವರೇ ವಾಸಿ. ಇದನ್ನು ಓದಿದವನೇ ನಾನು, ಆದರೂ ಚೀಲ ತೋರಿಸಿದೆ. ಹಳೆಯ ಮೇಷ್ಟ್ರುಗಳಿಂದ ಬಂದ ಅಭ್ಯಾಸ ಓದಿಗಿಂತ ಗಟ್ಟಿ. ಚೀಲ ಬಿಚ್ಚಿಸಿದೆ. ಫೋನ್ ಕಿತ್ತುಕೊಳ್ಳಲು ಹೋಗಲಿಲ್ಲ.

ಆಮೇಲೆ ವರ್ತಿಂಗ್ಟನ್ ಅವರ ಐದು ಮೆಟ್ಟಿಲಿನ ವಿಧಾನ ಹಿಡಿದೆ. ಆದ ನೋವನ್ನು ನೆನೆ, ನೋಯಿಸಿದವನ ಜಾಗದಲ್ಲಿ ನಿಂತು ನೋಡು, ಕ್ಷಮೆಯನ್ನು ಕೊಡುಗೆಯಂತೆ ಕೊಡು, ಕೊಟ್ಟಿದ್ದನ್ನು ನಾಲ್ಕು ಜನರ ಮುಂದೆ ಹೇಳಿಯೋ ಬರೆದೋ ಗಟ್ಟಿ ಮಾಡಿಕೋ, ಮನಸ್ಸು ಹಿಂದಕ್ಕೆ ಎಳೆದಾಗ ಅದನ್ನೇ ಹಿಡಿದುಕೋ. ಹೇಳುವುದು ಸುಲಭ ಅಂತ ಅನ್ನಿಸಬಹುದು. 1996ರ ಹೊಸ ವರ್ಷದ ಹೊತ್ತಿಗೆ ಅವರ ಸ್ವಂತ ತಾಯಿಯನ್ನು ಮನೆಗೆ ನುಗ್ಗಿದವನೊಬ್ಬ ಕೊಂದ. ಬೇರೆಯವರಿಗೆ ಕಲಿಸುತ್ತಿದ್ದ ಮೆಟ್ಟಿಲನ್ನು ಅವರೇ ಹತ್ತಬೇಕಾಯಿತು. ಆ ಕಾರಣಕ್ಕೆ ನನಗೆ ಅವರ ಮೇಲೆ ನಂಬಿಕೆ.

ನಮ್ಮ ಹುಡುಗ ಎರಡನೇ ಮೆಟ್ಟಿಲಿನಲ್ಲೇ ಕೂತುಬಿಟ್ಟ. ‘ಅವನ ಜಾಗಾದಾಗ ನಾ ಯಾಕ್ ನಿಂದ್ರಬೇಕ್ರಿ? ಮೊದ್ಲ ಅಂವ ನನ್ನ ಜಾಗಾದಾಗ ಬಂದ್ ನಿಂದ್ರಲಿ.’ ನನಗೆ ಉತ್ತರ ಹೊಳೆಯಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೂ ಕಾಣಲಿಲ್ಲ.

ಮಗ್ಗದ ಸದ್ದಿನಲ್ಲಿ

ಕಾರ್ನರ್‌ನನ್ನು ಅವನ ಹೊಲದಲ್ಲೇ ಹೋಗಿ ನೋಡಿದೆ. ಕಬ್ಬು ಕಟಾವಾಗಿತ್ತು, ಉಳಿದ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಕೊಟ್ಟಿದ್ದರು. ತುಟಿಯ ಹೊಲಿಗೆ ಬಿಚ್ಚಿ ಗುರುತು ಉಳಿದಿತ್ತು.

‘ನಾ ಬನ್ನಿ ಕೊಟ್ಟೀನಲ್ರಿ ಸರ್, ಮತ್ತೇನ್ ಮಾಡ್ಬೇಕು? ಅಂವ ಒದ್ದಾನ, ನಾ ಏನೂ ಅಂದಿಲ್ಲ. ಲೆಕ್ಕ ಚುಕ್ತಾ.’

‘ಒಂದ ಮಾತ್ ಕೇಳ್ತೇನಿ. ಆವತ್ತು ಸೀಟಿ ಕೇಳಿಸಿತ್ತೇನೋ?’

ಬೈಕಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾ ನಿಂತ. ಬಹಳ ಹೊತ್ತಾಯಿತು. ಆಮೇಲೆ, ‘ಕೇಳಿಸಿತ್ರಿ’ ಅಂದ.

ಮೊದಲ ಹಾಫ್‌ನಲ್ಲಿ ರೈಡರ್ ಇವನನ್ನು ಔಟ್ ಮಾಡಿ, ತೊಡೆ ತಟ್ಟಿ, ‘ಕಬ್ಬು ಕಡಿಯಾಕ ಹೋಗಲೇ’ ಅಂದಿದ್ದನಂತೆ. ಇವನ ಅಪ್ಪ ಬರಗಾಲದ ಒಂದು ವರ್ಷ ಬೇರೆಯವರ ಗ್ಯಾಂಗಿನಲ್ಲಿ ಕಬ್ಬು ಕಡಿಯಲು ಹೋಗಿದ್ದರು. ಊರಲ್ಲಿ ಅದನ್ನು ಆಡಿಕೊಂಡಿದ್ದರು. ಕಾಲು ಕೈಗೆ ಸಿಕ್ಕಾಗ ಆ ಮಾತು ಕಿವಿಯಲ್ಲೇ ಇತ್ತು ಅಂದ. ಮಾತು ಚುಚ್ಚಿದ್ದು ನಿಜ. ಹಾಗಂತ ಒಂದು ಮಾತು ಒಂದು ಮೊಣಕಾಲಿಗೆ ತೂಗುವುದಿಲ್ಲ, ಅದನ್ನೂ ಅವನಿಗೆ ಹೇಳಿದೆ. ತಲೆ ಆಡಿಸಿದ.

ಒಪ್ಪಿಸಲು ನಾಲ್ಕು ದಿನ ಹಿಡಿಯಿತು. ಕೇಸ್ ಆದೀತು ಅಂತ ಅವರ ಮಾವನಿಗೆ ಭಯ. ಎರಡು ಊರಿನ ಹುಡುಗರು ಮತ್ತೆ ಹೊಡೆದಾಡಿಕೊಂಡಾರು ಅಂತ ನನಗೆ ಭಯ. ಕೊನೆಗೆ ಒಂದು ಸಂಜೆ ನನ್ನ ಬೈಕಿನ ಹಿಂದೆ ಕೂತು ಬನಹಟ್ಟಿಗೆ ಬಂದ.

ಪವರ್‌ಲೂಮ್ ಶೆಡ್ಡಿನೊಳಗೆ ನೀವು ಹೋಗಿದ್ದರೆ ಗೊತ್ತಿರುತ್ತದೆ, ಪಕ್ಕದಲ್ಲಿ ನಿಂತವನ ಮಾತು ಕೇಳುವುದಿಲ್ಲ. ನಾನು ಬಾಗಿಲಲ್ಲೇ ನಿಂತೆ. ಕಾರ್ನರ್ ಒಳಗೆ ಹೋಗಿ ಏನೋ ಹೇಳಿದ. ರೈಡರ್ ಕಿವಿಗೆ ಕೈ ಹಚ್ಚಿ ಏನು ಅಂದ. ಮತ್ತೆ ಹೇಳಿದ, ಮತ್ತೆ ಕೇಳಲಿಲ್ಲ. ಮೂರನೇ ಸಲ ಕೂಗಿದ:

‘ಸೀಟಿ ಕೇಳಿಸಿತ್ತೋ! ಕೇಳಿಸಿದ ಮ್ಯಾಲ ತಿರುವೀನಿ! ಬೇಕಂತ!’

ಇಷ್ಟು ಮೆತ್ತಗಿನ ಹುಡುಗ ಶೆಡ್ಡಿನ ತುಂಬ ಕೇಳುವ ಹಾಗೆ ತನ್ನ ತಪ್ಪು ಕೂಗಬೇಕಾಯಿತು. ಆ ಕಡೆ ಇದ್ದ ಇಬ್ಬರು ತಿರುಗಿ ನೋಡಿದರು. ರೈಡರ್ ತನ್ನ ಮಗ್ಗ ಬಂದ್ ಮಾಡಿದ, ಆಮೇಲೆ ಪಕ್ಕದ್ದನ್ನೂ ಬಂದ್ ಮಾಡಿದ. ಹೊಡೆದೇಬಿಟ್ಟ ಅಂತ ನಾನು ಎರಡು ಹೆಜ್ಜೆ ಮುಂದೆ ಹೋದೆ. ಹೊಡೆಯಲಿಲ್ಲ.

‘ಇದನ್ನ ಆವತ್ತ ಯಾಕ್ ಹೇಳ್ಲಿಲ್ಲ?’ ಅಂದ.

‘ಯಾರದೂ ತಪ್ಪಿಲ್ಲ ಅಂದ್ರಲ್ಲ ಹಿರ್ಯಾರು. ನನಗೂ ಅದ ಬೇಕಾಗಿತ್ತು.’

ಕಬ್ಬಿನ ಮಾತನ್ನೂ ಹೇಳಿದ. ರೈಡರ್‌ಗೆ ತಾನು ಹಾಗೆ ಅಂದದ್ದೇ ನೆನಪಿರಲಿಲ್ಲ. ಅನ್ನುವವರಿಗೆ ನೆನಪಿರುವುದಿಲ್ಲ ಬಿಡಿ. ಒಂದು ಲಾಳಿ ಎತ್ತಿ ಕೈಯಲ್ಲಿ ಹಿಡಿದುಕೊಂಡು, ಅದನ್ನೇ ನೋಡುತ್ತಾ, ‘ನಾನೂ ಬೇಕಂತ ಒದ್ದೀನಿ’ ಅಂದ.

‘ಗೊತ್ತೈತಿ. ನನ್ನ ಹಲ್ಲಿಗೆ ಗೊತ್ತೈತಿ.’

ಅಲ್ಲಿ ಅಪ್ಪಿಕೊಳ್ಳಲಿಲ್ಲ. ಫೋಟೊನೂ ಇಲ್ಲ. ಚಹಾ ತರಿಸಿದರು, ಕುಡಿದೆವು, ಬಂದೆವು.

ಆಮೇಲೆ

ಬೋರಮಾಳದ ವಿಷಯ ಎತ್ತಿದ್ದು ಕಾರ್ನರ್. ಬಿಡಿಸಿಕೊಳ್ಳುವ ದುಡ್ಡಿನಲ್ಲಿ ಅರ್ಧ ತಾನು ಕೊಡುತ್ತೇನೆ ಅಂದ. ಬೇಡ ಅನ್ನು ಅಂತ ರೈಡರ್‌ನ ದೋಸ್ತರು ಹೇಳಿದರು, ಕ್ಷಮಿಸಿದ ಮೇಲೆ ದುಡ್ಡು ಮುಟ್ಟಬಾರದು ಅಂತ. ನಾನು ತಗೋ ಅಂದೆ. ಕ್ಷಮಿಸುವುದು ಅಂದರೆ ಸಾಲ ಮನ್ನಾ ಅಲ್ಲ. ಆದ ನಷ್ಟ ತುಂಬಿಕೊಡು ಅಂತ ಕೇಳಿಕೊಂಡೇ ಮನಸ್ಸಿನ ಸಿಟ್ಟು ಬಿಡಬಹುದು. ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ ಬಂದ ಮೇಲೆ ಕೊಟ್ಟ. ಬಿಲ್ ಯಾವಾಗ ಬಂತು ಅಂತ ಈ ಕಡೆಯವರು ಕೇಳುವುದಿಲ್ಲ.

ಎರಡು ತಿಂಗಳಾದ ಮೇಲೆ ಅದೇ 12 ವಾಕ್ಯ ಮತ್ತೆ ಓದಿದೆ. ಸೇಡಿನ ಐದಕ್ಕೆ 1, 2 ಅಂತ ಹಾಕಿದ. ದೂರ ಇರುವ ಏಳರಲ್ಲಿ ಬಹಳ ಇಳಿದಿರಲಿಲ್ಲ. ‘ದೋಸ್ತಿ ಬ್ಯಾಡ್ರಿ. ಹೊಡೀಬೇಕು ಅನ್ನಸಂಗಿಲ್ಲ, ಅಷ್ಟ.’ ಮೊದಲಾಗಿದ್ದರೆ ಇದನ್ನು ಅರೆಬರೆ ಅಂತ ಬರೆದುಕೊಳ್ಳುತ್ತಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಬೇರೆ ಬೇರೆ ಊರಿನ ಇಬ್ಬರು ಗಂಡಸರು ದೋಸ್ತರಾಗಲೇಬೇಕು ಅಂತ ಯಾಕೆ ಹಟ ಹಿಡಿಯಬೇಕು? ಆ 11 ಸೆಕೆಂಡಿನ ವಿಡಿಯೊ ಅಳಿಸಿದ್ದೀಯಾ ಅಂತ ಕೇಳಿದೆ. ‘ಐತ್ರಿ. ನೋಡಿಲ್ಲ’ ಅಂದ.

ನಮ್ಮ ತಂಡದಲ್ಲಿ ಒಂದು ಪದ್ಧತಿ ಮಾತ್ರ ಬದಲಾಯಿತು. ಯಾರಿಗಾದರೂ ಪೆಟ್ಟಾದರೆ ಕೈಕುಲುಕಿಸುವ ಮೊದಲು, ಹಿಡಿದವನು ಬಂದು ಏನು ಮಾಡಿದೆ ಅಂತ ಬಾಯಿಬಿಟ್ಟು ಹೇಳಬೇಕು. ಗೊತ್ತಾಗದೆ ಆಯಿತಾ, ಜೋರಾಗಿ ಹಿಡಿದೆಯಾ, ಬೇಕಂತ ಮಾಡಿದೆಯಾ. ಹುಡುಗರು ಮೊದಮೊದಲು ನಕ್ಕರು. ಕೆಲವರು ಈಗಲೂ ಸುಳ್ಳೇ ಹೇಳುತ್ತಾರೆ, ಮುಖ ನೋಡಿದರೆ ಗೊತ್ತಾಗುತ್ತದೆ.

ಮರುವರ್ಷದ ಜಾತ್ರೆಯಲ್ಲಿ ಎರಡೂ ತಂಡ ಮತ್ತೆ ಎದುರಾದವು. ರೈಡರ್ ಬೋನಸ್‌ಗೆ ಕಾಲು ಚಾಚಿದ, ಕಾರ್ನರ್ ಅದೇ ಗಂಟು ಹಿಡಿದ. ರೈಡರ್ ಮೊಣಕಾಲು ಒಮ್ಮೆ ನಡುಗಿದ್ದು ನನಗೆ ಹೊರಗಿನಿಂದಲೇ ಕಂಡಿತು. ಸೀಟಿ ಹೊಡೆಯಿತು. ಮೇಲೆ ಬಿದ್ದವರು ಇನ್ನೂ ಏಳುವ ಮೊದಲೇ ಕಾರ್ನರ್‌ನ ಎರಡೂ ಕೈ ಗಾಳಿಯಲ್ಲಿದ್ದವು, ಬೆರಳು ಅಗಲಿಸಿ. ರೈಡರ್ ಎದ್ದ. ಕಾರ್ನರ್ ಕಡೆ ನೋಡಲೂ ಇಲ್ಲ. ಸೀದಾ ಅಂಪೈರ್ ಕಡೆ ತಿರುಗಿ, ಹಿಡಿಯುವ ಮೊದಲೇ ಬೋನಸ್ ಆಗಿತ್ತು, ಯಾಕೆ ಕೊಡಲಿಲ್ಲ ಅಂತ ಜಗಳ ತೆಗೆದ. ಅವನಿಗೆ ಹಸಿರು ಕಾರ್ಡ್ ಬಿತ್ತು.